ಅಗೆದವಳ ಹೆಸರು ಎಲ್ಲಿ ಹೋಯ್ತು?

ನಾಲ್ಕು ಸಾವಿರ ಜನವೂ ಇಲ್ಲದ ಒಂದು ಊರು. ಸಮುದ್ರದ ಕಡೆಗೆ ಇಳಿಯುವ ಒಂದು ಪೇಟೆ ಬೀದಿ, ಒಂದು ಹಳೇ ಚರ್ಚು, ಅಲೆಗೆ ಅಡ್ಡವಾಗಿ ಬಾಗಿ ನಿಂತ ಒಂದು ಕಲ್ಲಿನ ಗೋಡೆ. ಬೇಸಿಗೆ ಬಂತು ಅಂದ್ರೆ ಪ್ರವಾಸಿಗರು, ಐಸ್‌ಕ್ರೀಂ, ಮಕ್ಕಳ ಗಲಾಟೆ. ಚಳಿಗಾಲದಲ್ಲಿ ಗಾಳಿ, ಮಳೆ, ಮುಚ್ಚಿದ ಬಾಗಿಲು. ಇಂಥ ಊರಿಗೆ ಸಂಬಂಧಪಟ್ಟ ಎಷ್ಟು ಜನರ ಹೆಸರು ಚರಿತ್ರೆಯಲ್ಲಿ ಉಳಿದಿರಬಹುದು ಹೇಳಿ? ಒಬ್ಬರು? ಇಬ್ಬರು?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಲೈಮ್ ರೀಜಿಸ್ ಅಂತ ಒಂದು ಊರಿದೆ. ಅದರ ಪಟ್ಟಿ ಕೇಳಿ. ಅನಾಥ ಶಿಶುಗಳಿಗಾಗಿ ಲಂಡನ್ನಿನಲ್ಲಿ ಆಸರೆ ಕಟ್ಟಿಸಿದ ಥಾಮಸ್ ಕೋರಂ ಹುಟ್ಟಿದ್ದು ಇಲ್ಲಿ. ಡಾರ್ವಿನ್ ತಂದ ಹಕ್ಕಿಗಳನ್ನು ಗುರುತಿಸಿಕೊಟ್ಟ ಜಾನ್ ಗೌಲ್ಡ್ ಹುಟ್ಟಿದ್ದು ಇಲ್ಲಿ. ಉಕ್ಕಿನ ಕಾರ್ಖಾನೆಗಳ ಹಣೆಬರಹ ಬದಲಿಸಿದ ಇಬ್ಬರಲ್ಲಿ ಒಬ್ಬ, ಪರ್ಸಿ ಗಿಲ್‌ಕ್ರಿಸ್ಟ್, ಹುಟ್ಟಿದ್ದು ಇಲ್ಲಿ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ರಜೆಗೆ ಬಂದಿದ್ದು ಇಲ್ಲಿಗೆ. ಕಾದಂಬರಿಕಾರ ಜಾನ್ ಫೌಲ್ಸ್ ಬಂದು ನೆಲೆಸಿ, ಕೊನೆಯುಸಿರೆಳೆಯುವವರೆಗೂ ಇದ್ದಿದ್ದು ಇಲ್ಲಿ.

ಸರಿ, ಪಟ್ಟಿ ಓದಿ ಬೆರಗಾದೆವು. ಆದರೆ ನನ್ನ ಪ್ರಶ್ನೆ ಬೇರೆ ಇದೆ. ಇಂಥ ಪಟ್ಟಿಗಳಿಗೆ ಹೆಸರು ಸೇರಿಸೋರು ಯಾರು? ಯಾಕೆ ಕೇಳ್ತಿದ್ದೀನಿ ಅಂದ್ರೆ, ಇವತ್ತು ಈ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇರುವ ಹೆಸರನ್ನು ನಾನು ಇನ್ನೂ ಹೇಳಿಲ್ಲ. ಆಕೆ ಬದುಕಿದ್ದಾಗ ಆಕೆಯ ಹೆಸರನ್ನು ಎಲ್ಲಿ ಬರೆಯಬೇಕಿತ್ತೋ ಅಲ್ಲೇ ಬರೆಯಲಿಲ್ಲ. ಮೇರಿ ಆ್ಯನಿಂಗ್. ಒಬ್ಬ ಬಡಗಿಯ ಮಗಳು.

1804ರ ಸೆಪ್ಟೆಂಬರ್ 14, ಶುಕ್ರವಾರ. ಲೈಮ್‌ನಲ್ಲಿ ತಂಗಿದ್ದ ಜೇನ್ ಆಸ್ಟಿನ್ ತನ್ನ ಅಕ್ಕ ಕಸ್ಸಾಂಡ್ರಾಗೆ ಒಂದು ಪತ್ರ ಬರೆದಳು. ಬಾಡಿಗೆ ಮನೆಯಲ್ಲಿದ್ದ ಒಂದು ಪೆಟ್ಟಿಗೆಯ ಮುಚ್ಚಳ ಮುರಿದಿತ್ತು. ಊರಿನ ಆ್ಯನಿಂಗ್ ಅನ್ನೋ ಬಡಗಿ ಅದಕ್ಕೆ ಐದು ಶಿಲ್ಲಿಂಗ್ ಬೆಲೆ ಕಟ್ಟಿದ್ದ. ಕೋಣೆಯಲ್ಲಿರುವ ಎಲ್ಲ ಸಾಮಾನು ಸೇರಿಸಿದರೂ ಅಷ್ಟು ಬಾಳಲ್ಲ ಅಂತ ಆಸ್ಟಿನ್‌ಗೆ ಅನಿಸಿತು. ವಿಷಯವನ್ನು ಮನೆ ಮಾಲೀಕನಿಗೇ ಬಿಟ್ಟಳು. ಆ ಬಡಗಿ ರಿಚರ್ಡ್ ಆ್ಯನಿಂಗ್. ಅವನ ಮಗಳು ಮೇರಿಗೆ ಆಗ ಐದು ವರ್ಷ. ಇನ್ನೂ ಒಂದು ಸಂಗತಿ ಇದೆ. ಹಕ್ಕಿಗಳ ಜಾನ್ ಗೌಲ್ಡ್ ಹುಟ್ಟಿದ ತಾರೀಖು ಯಾವುದು ಗೊತ್ತಾ? 1804ರ ಸೆಪ್ಟೆಂಬರ್ 14. ಅದೇ ಊರು, ಅದೇ ದಿನ.

ಒಂದೇ ಶುಕ್ರವಾರ ಆ ಪುಟ್ಟ ಊರಿನಲ್ಲಿ ಮೂವರು. ಪತ್ರ ಬರೆಯುತ್ತಿರುವ ಕಾದಂಬರಿಕಾರ್ತಿ, ತೋಟದ ಕೆಲಸದವನ ಮನೆಯಲ್ಲಿ ಆಗಷ್ಟೇ ಹುಟ್ಟಿದ ಗಂಡು ಕೂಸು, ಬಡಗಿಯ ಮನೆಯ ಐದು ವರ್ಷದ ಹುಡುಗಿ. ಮೂವರ ಹೆಸರಿಗೂ ಮುಂದೆ ಏನೇನಾಯ್ತು ಅನ್ನೋದೇ ಈ ಕಥೆ.

ಮೇರಿಯಿಂದ ಶುರು ಮಾಡೋಣ. ಅವಳ ಹೆಸರೇ ಅವಳದ್ದಲ್ಲ. ಅವಳಿಗಿಂತ ಮೊದಲು ಆ ಮನೆಯಲ್ಲಿ ಇನ್ನೊಬ್ಬಳು ಮೇರಿ ಇದ್ದಳು. 1798ರ ಕ್ರಿಸ್‌ಮಸ್ ಹೊತ್ತಿಗೆ, ಮನೆಯಲ್ಲಿ ಬಿದ್ದಿದ್ದ ಮರದ ಹೊಟ್ಟಿಗೆ ಬೆಂಕಿ ತಗುಲಿ ನಾಲ್ಕು ವರ್ಷದ ಆ ಮಗು ಸತ್ತುಹೋಯಿತು. ಐದು ತಿಂಗಳ ನಂತರ, 1799ರ ಮೇ 21ರಂದು ಹುಟ್ಟಿದ ಮಗುವಿಗೆ ಸತ್ತ ಅಕ್ಕನ ಹೆಸರನ್ನೇ ಇಟ್ಟರು. ಆ ದಂಪತಿಗೆ ಸುಮಾರು ಹತ್ತು ಮಕ್ಕಳು ಹುಟ್ಟಿದವು. ದೊಡ್ಡವರಾಗುವವರೆಗೆ ಬದುಕಿದ್ದು ಮೇರಿ ಮತ್ತು ಅಣ್ಣ ಜೋಸೆಫ್ ಇಬ್ಬರೇ. ಮೇರಿಯೂ ಸ್ವಲ್ಪದರಲ್ಲಿ ಉಳಿದಳು. ಹದಿನೈದು ತಿಂಗಳ ಕೂಸಾಗಿದ್ದಾಗ, ಕುದುರೆ ಸವಾರರ ಆಟ ನೋಡಲು ಹೋಗಿದ್ದ ಜನ ಮಳೆ ಬಂತೆಂದು ಚದುರಿದರು. ಅವಳನ್ನು ಎತ್ತಿಕೊಂಡಿದ್ದ ಹೆಂಗಸು ಇನ್ನಿಬ್ಬರ ಜೊತೆ ಒಂದು ಮರದ ಕೆಳಗೆ ನಿಂತಿದ್ದಳು. ಆ ಮರಕ್ಕೆ ಸಿಡಿಲು ಬಡಿಯಿತು. ಮೂವರು ಹೆಂಗಸರೂ ಸತ್ತರು. ಮಗು ಉಳಿಯಿತು.

ಈಗ ಆ ಊರಿನ ನೆಲ ಎಂಥದು ಅಂತ ನೋಡಿ. ಲೈಮ್‌ನ ಎರಡೂ ಬದಿಗೆ ಸಮುದ್ರದಂಚಿಗೇ ಕಡಿದಾದ ಗುಡ್ಡಗಳಿವೆ. ಒಂದು ಪದರ ಸುಣ್ಣಕಲ್ಲು, ಅದರ ಮೇಲೊಂದು ಪದರ ಜೇಡಿಯಂಥ ಮೆತ್ತನೆ ಕಲ್ಲು, ಮತ್ತೆ ಸುಣ್ಣಕಲ್ಲು. ಪದರ ಪದರವಾಗಿ ಪೇರಿಸಿಟ್ಟ ಹಾಗೆ. ಸುಮಾರು 20 ಕೋಟಿ ವರ್ಷದ ಹಿಂದೆ ಇದು ಬೆಚ್ಚನೆಯ ಸಮುದ್ರದ ತಳ. ಸತ್ತ ಪ್ರಾಣಿಗಳು ಕೆಸರಿನಲ್ಲಿ ಹೂತು, ಕೆಸರು ಕಲ್ಲಾಗಿ, ಮೂಳೆಯೂ ಕಲ್ಲಾಯ್ತು. ಚಳಿಗಾಲದ ಮಳೆ ಮೆತ್ತನೆಯ ಪದರದೊಳಗೆ ಇಳಿದರೆ ಗುಡ್ಡ ಜಾರುತ್ತದೆ. ಅಲೆ ಬಂದು ಮಣ್ಣನ್ನು ತೊಳೆಯುತ್ತದೆ. ಒಳಗಿದ್ದ ಪಳೆಯುಳಿಕೆ ಹೊರಗೆ ಬರುತ್ತದೆ. ಮುಂದಿನ ಉಬ್ಬರದೊಳಗೆ ಎತ್ತಿಕೊಂಡರೆ ನಿಮ್ಮದು, ಇಲ್ಲದಿದ್ದರೆ ಸಮುದ್ರದ್ದು. ಅಂದ್ರೆ ಈ ಕೆಲಸಕ್ಕೆ ಒಳ್ಳೆಯ ಕಾಲ ಯಾವುದು? ಪ್ರವಾಸಿಗರು ಊರಲ್ಲಿ ಇಲ್ಲದ, ಗುಡ್ಡ ಯಾವಾಗ ತಲೆ ಮೇಲೆ ಬೀಳುತ್ತೋ ಗೊತ್ತಿಲ್ಲದ ಕಾಲ. ಅಪಾಯ ಎಷ್ಟು ಅಂದ್ರೆ, 1833ರಲ್ಲಿ ಗುಡ್ಡ ಕುಸಿದಾಗ ಮೇರಿಯ ನಾಯಿ ಟ್ರೇ ಅವಳ ಕಣ್ಣೆದುರೇ ಮಣ್ಣುಪಾಲಾಯಿತು. ಅವಳು ನಿಂತಿದ್ದು ಸ್ವಲ್ಪವೇ ಆಚೆ.

ಫ್ರಾನ್ಸ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಯುರೋಪ್ ಪ್ರವಾಸ ಕಷ್ಟವಾದಾಗ ಇಂಗ್ಲೆಂಡಿನ ಉಳ್ಳವರು ತಮ್ಮದೇ ಕರಾವಳಿಯ ಊರುಗಳಿಗೆ ಬರತೊಡಗಿದರು. ಸಮುದ್ರ ಸ್ನಾನ ಆರೋಗ್ಯಕ್ಕೆ ಒಳ್ಳೆಯದು ಅನ್ನೋ ನಂಬಿಕೆಯೂ ಜೊತೆಗಿತ್ತು. ಬಂದವರು ನೆನಪಿಗೆ ಏನಾದರೂ ಕೊಳ್ಳಬೇಕಲ್ಲ? ರಿಚರ್ಡ್ ಆ್ಯನಿಂಗ್ ಬಡಗಿ ಕೆಲಸದ ಜೊತೆಗೆ ಕಲ್ಲಾದ ಸುರುಳಿ ಚಿಪ್ಪುಗಳನ್ನು ಆರಿಸಿ ತಂದು ಮಾರುತ್ತಿದ್ದ. ಮಕ್ಕಳನ್ನೂ ಕರೆದುಕೊಂಡು ಹೋಗಿ ಕಲಿಸಿದ. 1810ರಲ್ಲಿ, ಗುಡ್ಡದಿಂದ ಬಿದ್ದ ಪೆಟ್ಟು ಮತ್ತು ಕ್ಷಯ ಎರಡೂ ಸೇರಿ ಅವನು ಸತ್ತ. ಮನೆಗೆ ಉಳಿದಿದ್ದು 120 ಪೌಂಡ್ ಸಾಲ. ಸಂಸಾರ ಊರಿನ ಬಡವರ ನಿಧಿಯ ಮೇಲೆ ಬದುಕಬೇಕಾಯ್ತು. ಮೇರಿಗೆ ಹನ್ನೊಂದು ವರ್ಷ.

1811ರಲ್ಲಿ ಅಣ್ಣ ಜೋಸೆಫ್‌ಗೆ ಗುಡ್ಡದಲ್ಲಿ ನಾಲ್ಕು ಅಡಿ ಉದ್ದದ ಒಂದು ತಲೆಬುರುಡೆ ಕಂಡಿತು. ಉದ್ದ ಮೂತಿ, ಸಾಲು ಹಲ್ಲು, ತಟ್ಟೆಯಷ್ಟಗಲದ ಕಣ್ಣುಗುಳಿ. ಮೊಸಳೆ ಅಂದುಕೊಂಡರು. ಉಳಿದ ದೇಹವನ್ನು ತಿಂಗಳುಗಟ್ಟಲೆ ಕಾದು, ಹುಡುಕಿ ಪತ್ತೆ ಮಾಡಿದವಳು ಮೇರಿ. ಕೂಲಿಯವರನ್ನು ಕರೆಸಿ ಅಗೆಸಿ ತೆಗೆಸಿದಾಗ ಇಡೀ ಪ್ರಾಣಿ ಸುಮಾರು 17 ಅಡಿ. ಮುಂದೆ ಅದಕ್ಕೆ ಇಕ್ತಿಯೋಸಾರ್ ಅಂತ ಹೆಸರಾಯ್ತು, ಮೀನಿನಂಥ ಮೈಯ ಸಮುದ್ರ ಸರೀಸೃಪ. ಲಂಡನ್ನಿನ ವಿದ್ವಾಂಸರ ಕಣ್ಣು ಈ ಪ್ರಾಣಿಯ ಮೇಲೆ ಬಿದ್ದಿದ್ದೇ ಆಗ.

ಈಗ ಒಂದು ವಸ್ತು ಹೇಗೆ ಕೈಯಿಂದ ಕೈಗೆ ಹೋಗುತ್ತೆ, ಹೆಸರು ಹೇಗೆ ದಾರಿಯಲ್ಲಿ ಉದುರುತ್ತೆ ಅಂತ ಗಮನಿಸಿ. ಆ್ಯನಿಂಗ್ ಕುಟುಂಬ ಅದನ್ನು ಊರಿನ ಜಮೀನ್ದಾರನಿಗೆ 23 ಪೌಂಡಿಗೆ ಮಾರಿತು. ಜಮೀನ್ದಾರನಿಂದ ಅದು ಲಂಡನ್ನಿನ ಪ್ರದರ್ಶನಾಲಯದ ಮಾಲೀಕ ವಿಲಿಯಂ ಬುಲಕ್ ಕೈಗೆ ಹೋಯಿತು. ಜನ ಅದನ್ನು ನೋಡಲು ಮುಗಿಬಿದ್ದರು. 1814ರಲ್ಲಿ ಸರ್ ಎವೆರಾರ್ಡ್ ಹೋಮ್ ಅನ್ನೋ ಹೆಸರಾಂತ ಶಸ್ತ್ರವೈದ್ಯ ಅದರ ಮೇಲೆ ಲೇಖನ ಬರೆದ. ಅದರಲ್ಲಿ ಆ್ಯನಿಂಗ್ ಅನ್ನೋ ಹೆಸರೇ ಇಲ್ಲ. 1819ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು ಹರಾಜಿನಲ್ಲಿ 45 ಪೌಂಡ್ ಚಿಲ್ಲರೆಗೆ ಕೊಂಡಿತು. ಕೊಂಡವರ ಹೆಸರಿದೆ, ತೋರಿಸಿದವರ ಹೆಸರಿದೆ, ಬರೆದವರ ಹೆಸರಿದೆ. ಹುಡುಕಿದವಳ ಹೆಸರು ಮೊದಲ ಕೈಯಲ್ಲೇ ನಿಂತುಹೋಯಿತು.

ನೀವು ಕೇಳಬಹುದು: ಅದೊಂದು ಸಲ, ಅವಳಿನ್ನೂ ಮಗು, ಆಗಿರಬಹುದು ಬಿಡಿ. ಹಾಗಾದರೆ ಮುಂದಿನದು ನೋಡಿ.

1823ರ ಕೊನೆಗೆ, 24 ವರ್ಷದ ಮೇರಿ ಇನ್ನೊಂದು ಪ್ರಾಣಿಯ ಪೂರ್ತಿ ಅಸ್ಥಿಪಂಜರ ತೆಗೆದಳು. ಪ್ಲೀಸಿಯೋಸಾರ್. ಪುಟ್ಟ ತಲೆ, ಹುಟ್ಟಿನಂಥ ನಾಲ್ಕು ರೆಕ್ಕೆಗಾಲು, ನಂಬಲಾರದಷ್ಟು ಉದ್ದದ ಕುತ್ತಿಗೆ. ಪ್ಯಾರಿಸ್‌ನಲ್ಲಿದ್ದ ಜಾರ್ಜ್ ಕುವಿಯೇ, ಆ ಕಾಲದ ಪ್ರಾಣಿ ರಚನಾಶಾಸ್ತ್ರಕ್ಕೆ ಸುಪ್ರೀಂ ಕೋರ್ಟ್ ಇದ್ದ ಹಾಗೆ, ಚಿತ್ರ ನೋಡಿ ಅನುಮಾನಪಟ್ಟ. ಒಂದು ಪ್ರಾಣಿಯ ಕುತ್ತಿಗೆಗೆ ಇಷ್ಟು ಮೂಳೆ ಇರಲು ಸಾಧ್ಯವಾ? ಎರಡು ಪ್ರಾಣಿ ಸೇರಿಸಿ ಜೋಡಿಸಿರಬಹುದಾ? ಇದು ಬರೀ ಶಾಸ್ತ್ರದ ಜಗಳ ಆಗಿರಲಿಲ್ಲ. ನಕಲಿ ಅಂತ ಸಾಬೀತಾದರೆ ಮೇರಿಯ ಅನ್ನಕ್ಕೇ ಕಲ್ಲು. ಆಮೇಲೆ ಅವಳ ಕೈಯಿಂದ ಒಂದು ಚಿಪ್ಪನ್ನೂ ಯಾರೂ ಕೊಳ್ಳುತ್ತಿರಲಿಲ್ಲ. 1824ರ ಫೆಬ್ರವರಿಯಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಸಭೆ ನಡೆಯಿತು. ವಿಲಿಯಂ ಕೋನಿಬೇರ್ ಪ್ರಾಣಿಯನ್ನು ವಿವರಿಸಿದ. ಕುವಿಯೇ ಮುಂದೆ ತನ್ನ ಅನುಮಾನ ತಪ್ಪೆಂದು ಒಪ್ಪಿಕೊಂಡ. ಮೇರಿ ಗೆದ್ದಳು. ಆದರೆ ಆ ಸಭೆಯಲ್ಲಿ ಅವಳಿರಲಿಲ್ಲ, ಹೆಂಗಸರಿಗೆ ಆ ಸೊಸೈಟಿಯ ಬಾಗಿಲು ಮುಚ್ಚಿತ್ತು. ಕೋನಿಬೇರ್ ಓದಿದ ಪ್ರಬಂಧದಲ್ಲಿ ಅವಳ ಹೆಸರೂ ಇರಲಿಲ್ಲ. ಅಲ್ಲಾ, ಅನುಮಾನ ಬಂದಾಗ ಹೋಗ್ತಿದ್ದ ಮಾನ ಅವಳದು. ಅನುಮಾನ ಕಳೆದಾಗ ಬಂದ ಮಾನ ಯಾರದು?

ಅವಳು ಬರೀ ಅಗೆಯೋಳು, ತಿಳಿದವರು ಬೇರೆ ಅಂತ ಕೆಲವರು ವಾದಿಸಬಹುದು. ಅದೂ ಸರಿಯಲ್ಲ. ಕೈಗೆ ಸಿಕ್ಕ ವಿಜ್ಞಾನ ಲೇಖನಗಳನ್ನು ಆಕೆ ಅಕ್ಷರ ಅಕ್ಷರ ನಕಲು ಮಾಡಿಕೊಳ್ಳುತ್ತಿದ್ದಳು, ಚಿತ್ರಗಳ ಸಮೇತ. ಹಳೇ ಪ್ರಾಣಿಯ ಒಳಗು ತಿಳಿಯಲು ಮೀನು, ಬೊಂಡಾಸ್‌ನಂಥ ಈಗಿನ ಪ್ರಾಣಿಗಳನ್ನು ಕೊಯ್ದು ನೋಡುತ್ತಿದ್ದಳು. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ವಿಚಿತ್ರ ಉಂಡೆಗಲ್ಲುಗಳು ಸಿಗುತ್ತಿದ್ದವು. ಒಡೆದು ನೋಡಿದರೆ ಒಳಗೆ ಮೀನಿನ ಮೂಳೆ, ಹುರುಪೆ. ಇದನ್ನು ಗಮನಿಸಿದ್ದು ಮೇರಿ. ಈ ಗಮನಿಕೆಯ ಆಧಾರದ ಮೇಲೆ, ಇವು ಕಲ್ಲಾದ ಮಲ ಅಂತ ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಲೋಕಕ್ಕೆ ಹೇಳಿದರು. ನಗಬೇಡಿ. ಒಂದು ಪ್ರಾಣಿ 20 ಕೋಟಿ ವರ್ಷದ ಹಿಂದೆ ಏನು ತಿಂದಿತ್ತು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

1828ರಲ್ಲಿ ಅವಳು ಹಾರುವ ಸರೀಸೃಪವೊಂದನ್ನು ತೆಗೆದಳು, ಬ್ರಿಟನ್ನಿನಲ್ಲಿ ಅಂಥದ್ದು ಸಿಕ್ಕಿದ್ದು ಅದೇ ಮೊದಲು. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಕ್‌ಲ್ಯಾಂಡ್ ಅದರ ಬಗ್ಗೆ ಪ್ರಬಂಧ ಬರೆದಾಗ ಮೇರಿಯ ಹೆಸರು ಹೇಳಿದರು. ಅಂದ್ರೆ ಹೆಸರು ಹೇಳೋದು ಆ ಕಾಲದಲ್ಲೂ ಅಸಾಧ್ಯವಾಗಿರಲಿಲ್ಲ. ಕಾಲ ಹಾಗಿತ್ತು ಸ್ವಾಮಿ ಅನ್ನೋ ಸಬೂಬು ಇಲ್ಲಿಗೇ ಬಿದ್ದುಹೋಗುತ್ತೆ. ಒಬ್ಬರು ಬರೆದರು, ಬೇರೆಯವರು ಬರೆಯಲಿಲ್ಲ, ಅಷ್ಟೇ.

ಅವಳಿಗೆ ಇದು ಗೊತ್ತಾಗುತ್ತಿರಲಿಲ್ಲವಾ? ಗೊತ್ತಿತ್ತು. ಅವಳ ಜೊತೆ ಗುಡ್ಡ ಸುತ್ತುತ್ತಿದ್ದ ಆ್ಯನಾ ಮರಿಯಾ ಪಿನ್ನಿ ಅನ್ನೋ ಯುವತಿ ಅದನ್ನು ದಾಖಲಿಸಿದ್ದಾಳೆ. ಓದಿದ ಗಂಡಸರು ತನ್ನ ತಲೆಯಲ್ಲಿದ್ದುದನ್ನು ಹೀರಿಕೊಂಡು, ಪುಸ್ತಕ ಮಾಡಿ ಲಾಭ ಪಡೆದರು, ತನಗೇನೂ ದಕ್ಕಲಿಲ್ಲ ಅನ್ನೋ ಬೇಸರ ಮೇರಿಗಿತ್ತಂತೆ. 1839ರಲ್ಲಿ ಒಂದು ಪ್ರಕೃತಿ ವಿಜ್ಞಾನ ಪತ್ರಿಕೆಗೆ ಅವಳು ಪತ್ರ ಬರೆದಳು. ಹೊಸ ಜಾತಿಯ ಮೀನು ಅಂತ ಅದರಲ್ಲಿ ಬಂದಿದ್ದ ಮಾತನ್ನು ಪ್ರಶ್ನಿಸಿದ್ದಳು. ಆ ಪತ್ರದ ಒಂದು ತುಣುಕು ಅಚ್ಚಾಯಿತು. ಅವಳು ಬದುಕಿದ್ದಾಗ ವಿಜ್ಞಾನ ಪತ್ರಿಕೆಯಲ್ಲಿ ಅವಳ ಹೆಸರಿನಲ್ಲಿ ಬಂದ ಬರಹ ಅದೊಂದೇ.

ಬಡತನವೇ ಕಾರಣ ಅಂತೀರಾ? ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಿನಲ್ಲಿ ನಮಗೆ ಒಂದು ಪಾಠ ಹೇಳಿಕೊಡುತ್ತಾರೆ. ಎರಡು ಸ್ಯಾಂಪಲ್ ತೆಗೆದುಕೊಳ್ಳಿ, ಎಲ್ಲವನ್ನೂ ಒಂದೇ ಥರ ಇಡಿ, ಒಂದೇ ಒಂದನ್ನು ಬದಲಿಸಿ, ಫಲಿತಾಂಶ ನೋಡಿ. ಲೈಮ್ ರೀಜಿಸ್ ಈ ಪ್ರಯೋಗವನ್ನು ನಮಗಾಗಿ ಹೆಚ್ಚುಕಮ್ಮಿ ಮಾಡಿಟ್ಟಿದೆ. ಎರಡನೇ ಸ್ಯಾಂಪಲ್ ಹೆಸರು ಜಾನ್ ಗೌಲ್ಡ್.

ಅದೇ ಊರು. ಐದು ವರ್ಷ ಚಿಕ್ಕವನು. ತೋಟದ ಕೆಲಸದವನ ಮಗ, ಅಂದ್ರೆ ಬಡಗಿಯ ಮಗಳಂತೆಯೇ ಕೈಕೆಲಸದ ಮನೆ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಸತ್ತ ಹಕ್ಕಿಗಳ ಚರ್ಮಕ್ಕೆ ಹುಲ್ಲು ತುಂಬಿ ಜೀವಂತ ಕಾಣುವಂತೆ ನಿಲ್ಲಿಸುವ ಕೆಲಸ ಕಲಿತ. ಸತ್ತ ಪ್ರಾಣಿಯೇ ಇಬ್ಬರ ಕಸುಬೂ. ಆದರೆ ಗೌಲ್ಡ್ ಚಿಕ್ಕಂದಿನಲ್ಲೇ ಅಪ್ಪನ ಜೊತೆ ಊರು ಬಿಟ್ಟ, ಮುಂದೆ ಲಂಡನ್ನಿನ ಜುವಾಲಾಜಿಕಲ್ ಸೊಸೈಟಿಯ ಮ್ಯೂಸಿಯಂ ಸೇರಿದ. 1837ರ ಜನವರಿಯಲ್ಲಿ, ಡಾರ್ವಿನ್ ಗ್ಯಾಲಪಗಸ್ ದ್ವೀಪಗಳಿಂದ ತಂದಿದ್ದ ಹಕ್ಕಿಗಳನ್ನು ಪರೀಕ್ಷಿಸಿ, ಇವು ಬೇರೆ ಬೇರೆ ಕುಲದ ಹಕ್ಕಿಗಳಲ್ಲ, ಎಲ್ಲವೂ ಫಿಂಚ್‌ಗಳೇ, ಹೊಸ ಗುಂಪು ಅಂತ ಹೇಳಿದ್ದು ಅವನು. ವಿಕಾಸವಾದದ ದಾರಿಯಲ್ಲಿ ಅದೊಂದು ದೊಡ್ಡ ಮೆಟ್ಟಿಲು. 1843ರಲ್ಲಿ ರಾಯಲ್ ಸೊಸೈಟಿ ಅವನನ್ನು ಫೆಲೋ ಮಾಡಿಕೊಂಡಿತು. ತೋಟದವನ ಮಗ ಆ ಬಾಗಿಲೊಳಗೆ ಹೋದ. ಬಡಗಿಯ ಮಗಳು ಹೋಗುವಂತಿರಲಿಲ್ಲ. ಊರು ಬಿಟ್ಟು ಲಂಡನ್ ಸೇರಿದ್ದು ಅವನಿಗೆ ನೆರವಾಯ್ತು ಅನ್ನೋದು ನಿಜ. ಆದರೆ ಮೇರಿ ಲಂಡನ್ನಿನಲ್ಲೇ ಮನೆ ಮಾಡಿದ್ದರೂ ಜಿಯಾಲಾಜಿಕಲ್ ಸೊಸೈಟಿಯ ಸದಸ್ಯೆ ಆಗುವಂತಿರಲಿಲ್ಲ. ಅದು ಹೆಂಗಸರನ್ನು ಫೆಲೋ ಆಗಿ ಸೇರಿಸಿಕೊಂಡಿದ್ದು 1919ರಲ್ಲಿ.

ಗೌಲ್ಡ್ ಮನೆಯೊಳಗೂ ಇದೇ ಕಥೆಯ ಇನ್ನೊಂದು ಅಧ್ಯಾಯ ಇದೆ, ಅದು ನಮ್ಮ ದೇಶಕ್ಕೂ ತಾಗುತ್ತದೆ. 1830ರ ಸುಮಾರಿಗೆ ಹಿಮಾಲಯದಿಂದ ಹೋದ ಹಕ್ಕಿಗಳ ಚರ್ಮ ಅವನ ಕೈ ಸೇರಿತು. ನೂರು ಹಕ್ಕಿಗಳ ಚಿತ್ರಗಳಿರುವ ದೊಡ್ಡ ಪುಸ್ತಕ ಹೊರಬಂತು. ಮುಖಪುಟದಲ್ಲಿ ಜಾನ್ ಗೌಲ್ಡ್. ಚಿತ್ರಗಳನ್ನು ಕಲ್ಲಚ್ಚಿನ ಮೇಲೆ ಬರೆದವಳು ಅವನ ಹೆಂಡತಿ ಎಲಿಜಬೆತ್. ಅವಳ ಹೆಸರು ಚಿತ್ರಗಳ ಬುಡದಲ್ಲಿ, ಸಣ್ಣಕ್ಷರದಲ್ಲಿ. ಎಂಟನೇ ಹೆರಿಗೆಯ ನಂತರ, 1841ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡಳು. ಹಿಮಾಲಯದಲ್ಲಿ ಇವತ್ತಿಗೂ ಹಾರುವ ಒಂದು ಸುಂದರ ಸೂರಕ್ಕಿಗೆ ಇಂಗ್ಲಿಷಿನಲ್ಲಿ ಮಿಸೆಸ್ ಗೌಲ್ಡ್ ಸೂರಕ್ಕಿ ಅಂತ ಹೆಸರಿದೆ. ಗೌರವವೇ. ಆದರೆ ಅದರಲ್ಲೂ ಎಲಿಜಬೆತ್ ಅಂತಿಲ್ಲ, ನೋಡಿ.

ಜೇನ್ ಆಸ್ಟಿನ್ ಕಥೆಯೂ ಹಾಗೇ. ಜೋಸೆಫ್‌ಗೆ ಆ ತಲೆಬುರುಡೆ ಸಿಕ್ಕ 1811ರಲ್ಲೇ ಆಸ್ಟಿನ್‌ಳ ಮೊದಲ ಕಾದಂಬರಿ ಬಂತು. ಲೇಖಕಿಯ ಹೆಸರಿನ ಜಾಗದಲ್ಲಿ ಇದ್ದಿದ್ದು 'ಒಬ್ಬ ಮಹಿಳೆಯಿಂದ' ಅನ್ನೋ ಅರ್ಥದ ಮಾತು. ಬದುಕಿದ್ದಾಗ ಬಂದ ನಾಲ್ಕೂ ಕಾದಂಬರಿಗಳಲ್ಲಿ ಅವಳ ಹೆಸರಿಲ್ಲ. 1817ರ ಜುಲೈನಲ್ಲಿ ತೀರಿಕೊಂಡಳು. ಅದೇ ವರ್ಷದ ಕೊನೆಗೆ 'ಪರ್ಸುವೇಶನ್' ಕಾದಂಬರಿ ಇನ್ನೊಂದರ ಜೊತೆ ಸೇರಿ ಹೊರಬಂತು. ಲೈಮ್‌ನ ಆ ಕಲ್ಲಿನ ಗೋಡೆಯ ಮೆಟ್ಟಿಲಿಂದ ಲೂಯಿಸಾ ಅನ್ನೋ ಹುಡುಗಿ ಬೀಳುವ ಪ್ರಸಿದ್ಧ ಸನ್ನಿವೇಶ ಇರೋದು ಅದರಲ್ಲೇ. ಅಣ್ಣ ಹೆನ್ರಿ ಬರೆದ ಪರಿಚಯದ ಮಾತು ಆ ಪುಸ್ತಕದಲ್ಲಿತ್ತು. ಇವನ್ನೆಲ್ಲ ಬರೆದವಳು ಜೇನ್ ಆಸ್ಟಿನ್ ಅಂತ ಓದುಗರಿಗೆ ಪುಸ್ತಕವೇ ಹೇಳಿದ್ದು ಆಗ. ಲೇಖಕಿ ಮಣ್ಣು ಸೇರಿದ ಮೇಲೆ.

ಊರಿನ ಉಳಿದಿಬ್ಬರಲ್ಲಿ ಗಿಲ್‌ಕ್ರಿಸ್ಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ, ನನ್ನ ಓದಿಗೆ ಹತ್ತಿರದ ವಿಷಯ. ಬೆಸೆಮರ್ ಕುಲುಮೆಯಲ್ಲಿ ಉಕ್ಕು ಮಾಡುವಾಗ ಅದಿರಿನಲ್ಲಿದ್ದ ರಂಜಕ ಹೋಗುತ್ತಿರಲಿಲ್ಲ. ರಂಜಕ ಉಳಿದ ಉಕ್ಕು ಪೆಟ್ಟು ಬಿದ್ದರೆ ಒಡೆಯುತ್ತದೆ. ಲಂಡನ್ನಿನಲ್ಲಿ ಪೊಲೀಸ್ ಕೋರ್ಟಿನ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಒಂದು ಉಪಾಯ ಯೋಚಿಸಿದ. ಕುಲುಮೆಯ ಒಳಗೋಡೆಗೆ ಸುಣ್ಣದ ಗುಣದ ಕಲ್ಲು ಕಟ್ಟಿ, ಜೊತೆಗೆ ಸುಣ್ಣ ಹಾಕಿದರೆ ರಂಜಕವೆಲ್ಲ ಕಿಟ್ಟಕ್ಕೆ ಹೋಗುತ್ತದೆ. ಕಬ್ಬಿಣದ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ಅವನ ಸೋದರ ಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಅದನ್ನು ಮಾಡಿ ನೋಡಿದ. 1879ರಲ್ಲಿ ಜಗತ್ತು ಒಪ್ಪಿತು. ಆ ಕಿಟ್ಟವನ್ನೂ ಪುಡಿ ಮಾಡಿ ಗದ್ದೆಗೆ ಗೊಬ್ಬರ ಮಾಡಿದರು. ಇಂಗ್ಲಿಷರು ಇದನ್ನು ಗಿಲ್‌ಕ್ರಿಸ್ಟ್-ಥಾಮಸ್ ವಿಧಾನ ಅಂದರು. ಜರ್ಮನಿಯಲ್ಲಿ ಅದು ಬರೀ ಥಾಮಸ್ ವಿಧಾನ. ಲೈಮ್‌ನಲ್ಲಿ ಹುಟ್ಟಿದವನ ಹೆಸರು ಗಡಿ ದಾಟುವಾಗ ಕಳೆದುಹೋಯಿತು.

ಇನ್ನು ಥಾಮಸ್ ಕೋರಂ. ಹಡಗಿನ ಕ್ಯಾಪ್ಟನ್. 1668ರ ಸುಮಾರಿಗೆ ಹುಟ್ಟಿದವನು. ಅಮೆರಿಕದಲ್ಲಿ ಹಡಗು ಕಟ್ಟಿಸಿ, ಲಂಡನ್ನಿಗೆ ಮರಳಿದಾಗ ಬೀದಿ ಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಿದ. ಹದಿನೇಳು ವರ್ಷ ಬಾಗಿಲಿಂದ ಬಾಗಿಲಿಗೆ ಅಲೆದು, ದೊಡ್ಡ ಮನೆತನದ ಹೆಂಗಸರ ಸಹಿ ಸಂಗ್ರಹಿಸಿ, 1739ರಲ್ಲಿ ರಾಜನ ಸನ್ನದು ಪಡೆದ. ಫೌಂಡ್ಲಿಂಗ್ ಹಾಸ್ಪಿಟಲ್ ಅನ್ನೋ ಆಸರೆ 1741ರಲ್ಲಿ ಶುರುವಾಯ್ತು. ಮಗುವನ್ನು ಒಪ್ಪಿಸಿದ ಕೂಡಲೇ ಅಲ್ಲಿ ಅದಕ್ಕೆ ಹೊಸ ಹೆಸರು ಇಡುತ್ತಿದ್ದರು. ಮೊದಲ ದಿನಗಳಲ್ಲಿ ಬಂದ ಒಂದು ಗಂಡು ಮಗುವಿಗೆ ಥಾಮಸ್ ಕೋರಂ ಅಂತಲೂ ಒಂದು ಹೆಣ್ಣು ಮಗುವಿಗೆ ಅವನ ಹೆಂಡತಿಯ ಯೂನಿಸ್ ಅನ್ನೋ ಹೆಸರನ್ನೂ ಇಟ್ಟರು. ತಾಯಿ ಇಟ್ಟ ಹೆಸರು? ಅದು ಬಾಗಿಲ ಆಚೆಗೆ. ಎಂದಾದರೂ ವಾಪಸ್ ಬಂದು ನನ್ನ ಮಗು ಇದು ಅಂತ ಹೇಳೋಕೆ ಒಂದು ಗುರುತು ಬೇಕಲ್ಲ? ಮಗುವಿನ ದಾಖಲೆಗೆ ಒಂದು ಬಟ್ಟೆಯ ಚೂರು ಸಿಕ್ಕಿಸುತ್ತಿದ್ದರು. ಕೆಲವು ತಾಯಂದಿರು ಅರ್ಧ ತುಂಡರಿಸಿದ ನಾಣ್ಯ, ಒಂದು ಗುಂಡಿ, ಏನೋ ಒಂದನ್ನು ಬಿಟ್ಟುಹೋಗುತ್ತಿದ್ದರು. ಆ ಚೂರುಗಳು ಇವತ್ತಿಗೂ ಲಂಡನ್ನಿನಲ್ಲಿ ಜೋಪಾನವಾಗಿವೆ, ಸಾವಿರಾರು. ಬಹುಪಾಲು ತಾಯಂದಿರು ಮರಳಿ ಬರಲಿಲ್ಲ. ಹೆಸರು ಕಳೆದುಕೊಂಡವರು ಗುರುತಿಗೆ ಬಟ್ಟೆ ಚೂರು ಹಿಡಿದುಕೊಳ್ಳುತ್ತಾರೆ. ಮೇರಿಯ ಪಾಲಿಗೆ ಆ ಚೂರು ಕಲ್ಲಾಗಿತ್ತು.

ಮೇರಿಯ ಕೊನೆಯ ವರ್ಷಗಳಿಗೆ ಬರೋಣ. ಅವಳನ್ನು ಎಲ್ಲರೂ ಕೈಬಿಟ್ಟರು ಅಂದರೆ ಸುಳ್ಳಾಗುತ್ತದೆ. 1820ರಲ್ಲಿ ಸಂಸಾರ ಮನೆಯ ಸಾಮಾನು ಮಾರುವ ಸ್ಥಿತಿಗೆ ಬಂದಾಗ, ಥಾಮಸ್ ಬರ್ಚ್ ಅನ್ನೋ ನಿವೃತ್ತ ಸೇನಾಧಿಕಾರಿ ತನ್ನ ಪಳೆಯುಳಿಕೆ ಸಂಗ್ರಹವನ್ನೇ ಹರಾಜು ಹಾಕಿ, ಬಂದ ಸುಮಾರು 400 ಪೌಂಡ್ ಹಣವನ್ನು ಅವರಿಗೆ ಕೊಟ್ಟ. 1830ರಲ್ಲಿ ಗೆಳೆಯ ಹೆನ್ರಿ ಡಿ ಲಾ ಬೀಚ್ ಅವಳು ತೆಗೆದ ಪ್ರಾಣಿಗಳನ್ನೆಲ್ಲ ಜೀವಂತ ಸಮುದ್ರದಲ್ಲಿ ಈಜುವಂತೆ ಚಿತ್ರ ಬರೆದು, ಅದರ ಅಚ್ಚುಪ್ರತಿ ಮಾರಿದ ಹಣ ಅವಳಿಗೆ ಸೇರುವಂತೆ ಮಾಡಿದ. 1835ರ ಸುಮಾರಿಗೆ ಅವಳ ಉಳಿತಾಯದ ಹಣ ಮುಳುಗಿಹೋದಾಗ ಬಕ್‌ಲ್ಯಾಂಡ್ ಓಡಾಡಿ, ವರ್ಷಕ್ಕೆ 25 ಪೌಂಡ್ ಪಿಂಚಣಿ ಕೊಡಿಸಿದರು. 1844ರಲ್ಲಿ ಸ್ಯಾಕ್ಸನಿಯ ರಾಜನೇ ಅವಳ ಪುಟ್ಟ ಅಂಗಡಿಗೆ ಬಂದ. ಜೊತೆಗಿದ್ದ ವೈದ್ಯ ಅವಳ ಹೆಸರನ್ನು ಬರೆದುಕೊಡಲು ಕೇಳಿದ. ತನ್ನ ಹೆಸರು ಇಡೀ ಯುರೋಪಿಗೇ ಗೊತ್ತು ಅಂತ ಹೇಳಿ ಅವಳು ಬರೆದುಕೊಟ್ಟಳು. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಗಳಿಗೆ ಅದು. ಲಂಡನ್ನಿನ ಪ್ರಬಂಧಗಳು ಬರೆಯದ ಹೆಸರನ್ನು ತನ್ನ ಕೈಯಾರೆ ತಾನೇ ಬರೆದಳು.

1847ರ ಮಾರ್ಚ್ 9ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವಳಿಗೆ 47. ಜಿಯಾಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಡಿ ಲಾ ಬೀಚ್ ಸಭೆಯಲ್ಲಿ ಅವಳಿಗೆ ಶ್ರದ್ಧಾಂಜಲಿ ಓದಿದ. ಸೊಸೈಟಿಯ ಸದಸ್ಯರು ಹಣ ಸೇರಿಸಿ ಊರಿನ ಚರ್ಚಿನಲ್ಲಿ ಅವಳ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಮಾಡಿಸಿದರು. ಬದುಕಿದ್ದಾಗ ಬಾಗಿಲು ತೆರೆಯದವರು ಸತ್ತ ಮೇಲೆ ಕಿಟಕಿ ಕಟ್ಟಿಸಿದರು.

ಆಮೇಲೆ ದೀರ್ಘ ಮೌನ. 1969ರಲ್ಲಿ ಜಾನ್ ಫೌಲ್ಸ್ ಲೈಮ್‌ನಲ್ಲೇ ನಡೆಯುವ 'ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್' ಕಾದಂಬರಿ ಬರೆದಾಗ, ಕಥೆಯ ನಡುವೆಯೇ ನಿಂತು ಮೇರಿಗಾದ ಅನ್ಯಾಯದ ಬಗ್ಗೆ ಹೇಳಿದರು. ಮುಂದೆ ಅವರೇ ಊರಿನ ಮ್ಯೂಸಿಯಂ ನೋಡಿಕೊಂಡರು. ಆ ಮ್ಯೂಸಿಯಂ ನಿಂತಿರುವ ಜಾಗದಲ್ಲೇ ಒಂದು ಕಾಲಕ್ಕೆ ಆ್ಯನಿಂಗ್ ಮನೆ ಇತ್ತು. 2010ರಲ್ಲಿ ರಾಯಲ್ ಸೊಸೈಟಿ ವಿಜ್ಞಾನದ ಮೇಲೆ ಪ್ರಭಾವ ಬೀರಿದ ಹತ್ತು ಬ್ರಿಟಿಷ್ ಮಹಿಳೆಯರ ಪಟ್ಟಿಯಲ್ಲಿ ಅವಳನ್ನು ಸೇರಿಸಿತು. 2015ರಲ್ಲಿ ಒಂದು ಇಕ್ತಿಯೋಸಾರ್ ಪ್ರಭೇದಕ್ಕೆ ಅವಳ ಹೆಸರಿಟ್ಟರು. ಇಷ್ಟಾದರೂ ಊರಿನಲ್ಲಿ ಅವಳದೊಂದು ಪ್ರತಿಮೆ ಇರಲಿಲ್ಲ. ಯಾಕಿಲ್ಲ ಅಂತ ಕೇಳಿದ್ದು ಆ ಕಡೆಯ ಒಬ್ಬ ಶಾಲಾ ಹುಡುಗಿ. ಅಮ್ಮನ ಜೊತೆ ಸೇರಿ ಅಭಿಯಾನ ಮಾಡಿದಳು, ಜನ ಹಣ ಹಾಕಿದರು. 2022ರ ಮೇ 21ರಂದು, ಮೇರಿಯ ಹುಟ್ಟುಹಬ್ಬದ ದಿನ, ಕಂಚಿನ ಪ್ರತಿಮೆ ನಿಂತಿತು. ಕೈಯಲ್ಲಿ ಸುತ್ತಿಗೆ, ಪಕ್ಕದಲ್ಲಿ ಟ್ರೇ.

ಈಗ ಅವಳ ಹೆಸರು ಬಂದಿದೆ, ಜೊತೆಗೆ ಅವಳು ಮಾಡದ್ದೂ ಸೇರಿಕೊಂಡಿದೆ. ಡೈನೋಸಾರ್ ಕಂಡುಹಿಡಿದವಳು ಅಂತಾರೆ. ಇಕ್ತಿಯೋಸಾರ್, ಪ್ಲೀಸಿಯೋಸಾರ್ ಡೈನೋಸಾರ್‌ಗಳಲ್ಲ. ಸಮುದ್ರ ದಂಡೆಯಲ್ಲಿ ಚಿಪ್ಪು ಮಾರುವವಳ ಬಗ್ಗೆ ಇಂಗ್ಲಿಷಿನಲ್ಲಿ ನಾಲಿಗೆ ತಿರುಚುವ ಒಂದು ಸಾಲಿದೆಯಲ್ಲ, ಸ್ಪಷ್ಟ ಉಚ್ಚಾರಕ್ಕೆ ನಾವು ಆ್ಯಂಕರ್‌ಗಳೂ ಹೇಳಿಕೊಳ್ಳೋದು, ಅದು ಅವಳ ಮೇಲೇ ಕಟ್ಟಿದ್ದು ಅಂತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಇವೆಲ್ಲ ಇಲ್ಲದೆಯೂ ಅವಳ ಕೆಲಸ ಸಾಕಷ್ಟು ದೊಡ್ಡದು. ನಿಜವಾಗಿ ಮಾಡಿದ್ದಕ್ಕೆ ಹೆಸರು ಕೊಟ್ಟರೆ ಸಾಕು.

ಈ ಕಥೆಯನ್ನು ನಾನು ಯಾಕೆ ಹೇಳಿದೆ? ಯಾಕಂದ್ರೆ ನನ್ನ ಕುರ್ಚಿ ಇರೋದು ಕೋನಿಬೇರ್ ನಿಂತಿದ್ದ ಜಾಗದಲ್ಲಿ. ರಾತ್ರಿ ಒಂಬತ್ತಕ್ಕೆ ಎಸಿ ಸ್ಟುಡಿಯೋದಲ್ಲಿ ಕೂತು ಗುಡ್ಡ ಕುಸಿತದ ಸುದ್ದಿ ಓದುವವನು ನಾನು. ಬೆಳಗಿನ ಜಾವ ಮಳೆಯಲ್ಲಿ ಆ ಗುಡ್ಡದ ಕೆಳಗೆ ನಿಂತವನು ತಾಲ್ಲೂಕಿನ ಒಬ್ಬ ಸ್ಟ್ರಿಂಗರ್. ಸಂಬಳವಿಲ್ಲ, ಸುದ್ದಿಗೆ ಇಷ್ಟು ಅಂತ ಹಣ. ಅವನ ಜೊತೆ ಕೊಡೆ ಹಿಡಿದ ಕ್ಯಾಮೆರಾ ಹುಡುಗ, ರಾತ್ರಿಯಿಡೀ ಗಾಡಿ ಓಡಿಸಿದ ಡ್ರೈವರ್. ಸುದ್ದಿ ತಪ್ಪಾದರೆ ಊರಿನವರು ಬೈಯೋದು ಅವನನ್ನ. ಸರಿಯಾದರೆ ಜನ ಏರ್‌ಪೋರ್ಟಿನಲ್ಲಿ ಗುರುತಿಸಿ ಸೆಲ್ಫಿ ತೆಗೆಸಿಕೊಳ್ಳೋದು ನನ್ನ ಜೊತೆ.

ಇದಕ್ಕೆ ದೊಡ್ಡ ಕ್ರಾಂತಿ ಏನೂ ಬೇಕಿಲ್ಲ. ಬಕ್‌ಲ್ಯಾಂಡ್ 1829ರಲ್ಲಿ ಮಾಡಿದ್ದಷ್ಟು ಸಾಕು. ಹೆಸರು ಹೇಳೋದು. ಒಂದು ಸಾಲು, ಎರಡು ಸೆಕೆಂಡ್. ನೀವೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಸುದ್ದಿ ನೋಡುವಾಗ ನನ್ನ ಮುಖ ಬಿಟ್ಟು ದೃಶ್ಯದ ಮೂಲೆಯನ್ನು ನೋಡಿ. ಅದನ್ನು ತಂದವರ ಹೆಸರು ಅಲ್ಲಿ ಇದೆಯಾ? ಇಲ್ಲದಿದ್ದರೆ ಚಾನೆಲ್ಲಿಗೆ ಫೋನ್ ಮಾಡಿ ಕೇಳಿ, ನಮ್ಮ ಚಾನೆಲ್ ಆದರೂ ಸರಿ. ಲೈಮ್‌ನಲ್ಲಿ ಆ ಶಾಲಾ ಹುಡುಗಿ ಮಾಡಿದ್ದೂ ಅಷ್ಟೇ. ಯಾಕಿಲ್ಲ ಅಂತ ಕೇಳಿದಳು.